ಬೇಸ್ ಬೆಂಗಳೂರು, ಮನೆ ಅಮ್ಮತ್ತಿ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲ. ಎರಡು ಮಾತಲ್ಲಿ ಮುಗಿಸುವ ವಿಷಯ ಅದಲ್ಲ. ಕೂತು ಬರೆಯೋಣ ಅನ್ನಿಸಿತು. ನಮ್ಮ ಕೊಡಗಿನಿಂದ ಹೋದ ಹುಡುಗ ಹುಡುಗಿಯರು ಈಗ ನಮ್ಮ ಈ ಪೈಲಟ್ ಕೆಲಸದಲ್ಲಿ ಸಾಕಷ್ಟು ಜನ ಇದ್ದಾರೆ, ಅವರ ಮನೆಗಳಲ್ಲೂ ಇದೇ ಮಾತು ನಡೆಯುತ್ತಿರುತ್ತದೆ. ನೀನೂ ಒಪ್ಪಿದ್ದರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನಿನಗೆ ಬೆಂಗಳೂರು ಬೇಸ್ ಸಿಕ್ಕಿದೆ, ಅಂದರೆ ಇನ್ನು ಡ್ಯೂಟಿ ಶುರುವಾಗುವುದು, ಮುಗಿಯುವುದು ಇಲ್ಲೇ. ಇಷ್ಟು ದಿನ ದೆಹಲಿಯಲ್ಲಿದ್ದವನಿಗೆ ಅದು ದೊಡ್ಡ ಸಮಾಧಾನ. ಈಗ ಹೆಂಡತಿ ಮಕ್ಕಳನ್ನು ದೇವನಹಳ್ಳಿ ಕಡೆ ಕರೆದುಕೊಂಡು ಬರಲಾ, ಇಲ್ಲ ಕೊಡಗಿನ ಅಮ್ಮತ್ತಿಯಿಂದಲೇ ಓಡಾಡಲಾ ಅಂತ ಕೇಳಿದೆ. ನನ್ನ ಸಂಸಾರ ಯಲಹಂಕದಲ್ಲಿದೆ. ಆದರೂ ಹೇಳುತ್ತೇನೆ, ನೀನು ಅವರನ್ನು ಅಲ್ಲಿಂದ ಎಬ್ಬಿಸಬೇಡ. ನೀನೇ ಓಡಾಡು. ಆದರೆ ಮನಸ್ಸಿಗೆ ಬಂದ ಹಾಗೆ ಓಡಾಡುವುದಲ್ಲ, ಅದಕ್ಕೊಂದು ಕ್ರಮ ಬೇಕು. ಆ ಕ್ರಮ ಪಾಲಿಸಲು ಆಗದಿದ್ದರೆ ಮಾತ್ರ ಮನೆ ಬದಲಿಸುವ ಯೋಚನೆ ಮಾಡು.

ಮೊದಲು ನಾನು ತಂಗಿ ಅನ್ನುವ ನಿನ್ನ ಹೆಂಡತಿಯ ವಿಷಯ. ‘ಕರೆದುಕೊಂಡು ಬರಲಾ’ ಅಂತ ಕೇಳಿದೆಯಲ್ಲ, ಅವಳು ಅಲ್ಲಿ ಸುಮ್ನೆ ಕೂತಿದ್ದಾಳಾ? ಕಳೆದ ಮಾರ್ಚ್‌ನಲ್ಲಿ ನಾನು ಊರಿಗೆ ಬಂದಾಗ ನಿಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತಿತ್ತು. ನಿಮ್ಮಲ್ಲೇ ಊಟ ಮುಗಿಸಿ ನಾನು ಕಾರು ತೆಗೆಯುವಾಗ ಅವಳು ಗಂಬೂಟು ಹಾಕಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ಕೆರೆ ಕಡೆ ಹೊರಟಿದ್ದಳು. ನೀರು ಚಿಮ್ಮಿಸುವ ಜೆಟ್‌ನ ಜಾಗ ಬದಲಿಸುವ ಹೊತ್ತು. ನಾನೂ ಜೊತೆಗೆ ಹೋದೆ. ಪಂಪ್ ನಿಲ್ಲಿಸಿ, ಪೈಪಿನ ಕೊಂಡಿ ಬಿಡಿಸಿ, ಹುಡುಗರು ಅದನ್ನು ಮುಂದಿನ ಸಾಲಿಗೆ ಹೊತ್ತು ಜೋಡಿಸುವ ತನಕ ಅಲ್ಲೇ ನಿಂತಿದ್ದಳು. ಒಂದು ಜಾಯಿಂಟ್ ಸೋರುತ್ತಿತ್ತು. ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು ತಾನೇ ವಾಷರ್ ಬದಲಿಸಿದಳು. ಮೂರು ನಾಲ್ಕು ಗಂಟೆಗೊಮ್ಮೆ ಇದೇ ಕೆಲಸ, ರಾತ್ರಿಯೂ ಬಿಡುವಿಲ್ಲ. ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು, ಒಂದೂವರೆ ಇಂಚು ನೀರು ಬೀಳದಿದ್ದರೆ ಹೂ ಸರಿಯಾಗಿ ಬಿಡುವುದಿಲ್ಲ. ಹೂ ಬಿಟ್ಟ ಮೇಲೆ ಎರಡನೇ ಸುತ್ತಿನ ನೀರು, ಬ್ಯಾಕಿಂಗ್ ಅನ್ನುತ್ತಾರಲ್ಲ ಅದು, ಸಿಗದಿದ್ದರೆ ಕಾಯಿ ನಿಲ್ಲುವುದಿಲ್ಲ. ವರ್ಷದ ಬೆಳೆ ಆ ಕೆಲವು ವಾರದ ಮೇಲೆ ನಿಂತಿದೆ. ತೋಟ ನೋಡಿಕೊಳ್ಳುವ ರೈಟರ್ ಕೈಗೆ ಕೊಟ್ಟು ಬೆಂಗಳೂರಲ್ಲಿ ಕೂತು ಫೋನ್ ಮಾಡಿದರೆ ಆಗುವ ಕೆಲಸವಾ ಇದು?

ನಿನ್ನ ಕೆಲಸಕ್ಕೆ ಬೇಸ್ ಇರುವ ಹಾಗೆ ಅವಳ ಕೆಲಸಕ್ಕೂ ಒಂದು ಬೇಸ್ ಇದೆ, ಅದು ಅಮ್ಮತ್ತಿ. ಅವಳದ್ದು ಬದಲಾಗುವುದಿಲ್ಲ. ನಿನ್ನದು ಒಂದು ಇಮೇಲ್‌ನಲ್ಲಿ ಬದಲಾಗಬಹುದು. ವಿಮಾನದ ಟೈಪ್ ಬದಲಾದರೆ ಬೇಸ್ ಬದಲಾಗಬಹುದು. ಕಮಾಂಡ್ ಅಪ್‌ಗ್ರೇಡ್ ಬಂದು ಕ್ಯಾಪ್ಟನ್ ಆಗುವಾಗ ಬೇರೆ ಊರು ಒಪ್ಪಿಕೋ ಅನ್ನಬಹುದು. ಕಂಪನಿಯೇ ಇಲ್ಲವಾಗಬಹುದು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ನಿಂತಿತು, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ಪ್ರತಿ ಸಲವೂ ಬೇಸ್ ಹತ್ತಿರ ಫ್ಲ್ಯಾಟ್ ಕೊಂಡು, ಮಕ್ಕಳನ್ನು ಅಲ್ಲೇ ಸ್ಕೂಲಿಗೆ ಸೇರಿಸಿ, ಸಾಲದ ಕಂತು ಕಟ್ಟುತ್ತಿದ್ದವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ನಮ್ಮ ರಂಗದಲ್ಲಿ ಸಂಸಾರವನ್ನು ಬೇಸಿನ ಹಿಂದೆ ಓಡಿಸಿದರೆ ಓಟ ಮುಗಿಯುವುದೇ ಇಲ್ಲ.

ಯಲಹಂಕದಲ್ಲಿದ್ದು ನನಗೆ ಸಿಕ್ಕಿದ್ದೇನು ಅಂತ ನೀನು ಕೇಳಬೇಕು. ಸಿಕ್ಕಿದೆ, ಇಲ್ಲ ಅನ್ನುವುದಿಲ್ಲ. ಬೆಳಗಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಬಂದರೆ ಮಗಳ ಹೋಮ್‌ವರ್ಕ್ ನೋಡಬಹುದು. ರಾತ್ರಿ ಜ್ವರ ಬಂದರೆ ನಾನೇ ಎತ್ತಿಕೊಂಡು ಹೋಗಬಹುದು. ಈ ಚೂರುಪಾರು ಹೊತ್ತು ದೂರ ಇರುವವನಿಗೆ ಸಿಗುವುದೇ ಇಲ್ಲ, ಅದರ ಬೆಲೆ ನನಗೆ ಗೊತ್ತು. ಆದರೆ ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಮನೆ ಹೇಗಿರುತ್ತದೆ ಗೊತ್ತಾ? ದಪ್ಪ ಪರದೆ ಎಳೆದು ನಾನು ಒಳಗೆ ಮಲಗಿರುತ್ತೇನೆ. ‘ಅಪ್ಪ ಮಲಗಿದ್ದಾರೆ, ಬೆಲ್ ಒತ್ತಬೇಡಿ’ ಅಂತ ಮಗಳು ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತಾಳೆ. ಕುಕ್ಕರ್ ಇಡುವುದಕ್ಕೂ ನನ್ನ ಹೆಂಡತಿ ಯೋಚನೆ ಮಾಡುತ್ತಾಳೆ. ನಾನು ಮನೆಯಲ್ಲಿದ್ದೇನೆ, ಆದರೆ ಯಾರಿಗೂ ಸಿಗುವುದಿಲ್ಲ. ವಿಮಾನ ನಿಲ್ದಾಣದ ಪಕ್ಕದಲ್ಲಿ ಮನೆ ಮಾಡಿದರೂ ಪೈಲಟ್ ಅರ್ಧ ದಿನ ಮನೆಯಲ್ಲಿ ಇಲ್ಲದವನೇ. ಹಾಗಾಗಿ ನಾನು ನೋಡುವುದು ಒಂದೇ. ನಾವಿಲ್ಲದ ದಿನಗಳಲ್ಲೂ ಮನೆಯವರ ಬದುಕು ಎಲ್ಲಿ ಗಟ್ಟಿಯಾಗಿ ನಡೆಯುತ್ತದೆ? ನನ್ನ ಹೆಂಡತಿಯ ಉದ್ಯೋಗ ಬೆಂಗಳೂರಿನಲ್ಲಿದೆ, ಅವಳ ಅಕ್ಕ ಪಕ್ಕದ ಬೀದಿಯಲ್ಲಿದ್ದಾಳೆ. ನಮಗೆ ಯಲಹಂಕ ಸರಿ. ನಿನಗೆ ಅಮ್ಮತ್ತಿಯಲ್ಲಿ ಅವ್ವ ಇದ್ದಾರೆ, ತೋಟ ಇದೆ, ಕರೆದರೆ ಬರುವ ನೆಂಟರಿದ್ದಾರೆ. ಅದನ್ನೆಲ್ಲ ಬಿಡಿಸಿ ಮೂವರನ್ನು ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಕೂರಿಸಿ, ನೀನು ಗುವಾಹಟಿಯ ಹೋಟೆಲಿನಲ್ಲಿ ಮಲಗಿರುತ್ತೀಯ.

ಈಗ ರಸ್ತೆ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡ.

ಅಮ್ಮತ್ತಿಯಿಂದ ದೇವನಹಳ್ಳಿಗೆ ಸುಮಾರು 270 ಕಿ.ಮೀ. ಎಕ್ಸ್‌ಪ್ರೆಸ್‌ವೇ ಬಂದಮೇಲೆ ಏನು ದೂರ ಅಂತ ಎಲ್ಲರೂ ಅನ್ನುತ್ತಾರೆ. 2023ರಲ್ಲಿ ಬಂದ ಆ ರಸ್ತೆ ಮೈಸೂರು ಮತ್ತು ಬೆಂಗಳೂರಿನ ನಡುವಿನ 118 ಕಿ.ಮೀ.ಗೆ ಮಾತ್ರ. ಅದಕ್ಕೂ ಮುಂಚೆ ಊರ ಕಡೆ ತಿತಿಮತಿ, ಆನೆಚೌಕೂರು ಕಾಡು, ಹುಣಸೂರು ಇದ್ದೇ ಇದೆ. ಕತ್ತಲಾದ ಮೇಲೆ ಆ ಕಾಡಿನ ತಿರುವಿನಲ್ಲಿ ಆನೆ ನಿಂತಿದ್ದರೆ ನಿನ್ನ ರಿಪೋರ್ಟಿಂಗ್ ಟೈಮ್ ಅದಕ್ಕೆ ಗೊತ್ತಿರುವುದಿಲ್ಲ. ಆಚೆಗೆ ಕೆಂಗೇರಿಯಿಂದ ಹೆಬ್ಬಾಳ ದಾಟುವುದೇ ಒಂದು ಪ್ರಯಾಣ. ಆರರಿಂದ ಏಳು ಗಂಟೆ ಹಿಡಿ.

ವಾರದ ವಿಶ್ರಾಂತಿ ಮೊದಲು 36 ಗಂಟೆ ಇತ್ತು. ವಿಮಾನಯಾನದ ನಿಯಮ ಮಾಡುವ ಡಿಜಿಸಿಎ ಅದನ್ನು 2025ರ ಜುಲೈ 1ರಿಂದ 48 ಗಂಟೆ ಮಾಡಿದೆ. ನಮಗೆಲ್ಲ ಖುಷಿಯಾಯಿತು. ಆದರೆ ನಿನ್ನ ಲೆಕ್ಕ ಬೇರೆ. ಶುಕ್ರವಾರ ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿಯಿತು ಅಂದುಕೋ. ಅಲ್ಲೇ ಮಲಗಿ ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಒಂದಕ್ಕೆ ಮನೆ. ಸೋಮವಾರ ಬೆಳಗಿನ ಜಾವ ಡ್ಯೂಟಿ ಇದ್ದರೆ ಭಾನುವಾರ ಊಟ ಮಾಡಿ ಎರಡಕ್ಕೆ ಹೊರಡಲೇಬೇಕು. ಮನೆಯಲ್ಲಿ ಸಿಕ್ಕಿದ್ದು ಒಂದು ದಿನ, ಒಂದು ರಾತ್ರಿ. ಕಂಪನಿ ಹೇಳಿ ಕಳುಹಿಸಿದ ಪ್ರಯಾಣವಾದರೆ ಡ್ಯೂಟಿಯ ಲೆಕ್ಕಕ್ಕೆ ಬರುತ್ತದೆ. ನೀನಾಗಿ ಮನೆಗೆ ಹೋಗಿ ಬಂದ ದಾರಿ ವಿಶ್ರಾಂತಿಯ ಲೆಕ್ಕಕ್ಕೇ ಹೋಗುತ್ತದೆ. ಕಾಗದದ ಮೇಲೆ ನೀನು ಚೆನ್ನಾಗಿ ನಿದ್ದೆ ಮಾಡಿದವನು!

ಇದು ಬರೀ ನಮ್ಮ ಕಷ್ಟ ಅಲ್ಲ. ಹಿಂದೆ ಕೂತವರ ಜೀವದ ಪ್ರಶ್ನೆ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್‌ನ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತದ್ದು ನಿನಗೆ ಗೊತ್ತೇ ಇದೆ, ತರಬೇತಿಯಲ್ಲಿ ಎಲ್ಲರೂ ಓದಿದ್ದೇವೆ. ಸ್ಟಾಲ್ ಆಗುತ್ತಿರುವಾಗ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತಿರುವಾಗ, ಕ್ಯಾಪ್ಟನ್ ವಿಮಾನದ ಮೂಗನ್ನು ಇಳಿಸುವ ಬದಲು ಮೇಲೆತ್ತಿದ್ದು ನಮ್ಮ ತಲೆಯಲ್ಲಿ ಉಳಿದಿದೆ. ಅವರಿಬ್ಬರೂ ಅಲ್ಲಿಗೆ ಹೇಗೆ ಬಂದಿದ್ದರು ಅನ್ನುವುದನ್ನು ಇನ್ನೊಮ್ಮೆ ನೆನಪು ಮಾಡಿಕೋ. ಬೇಸ್ ನ್ಯೂವಾರ್ಕ್. ಕ್ಯಾಪ್ಟನ್ ಮನೆ ಫ್ಲೋರಿಡಾದಲ್ಲಿ, ಹಿಂದಿನ ರಾತ್ರಿ ಕಳೆದದ್ದು ವಿಮಾನ ನಿಲ್ದಾಣದ ಕ್ರೂ ರೂಮಿನಲ್ಲಿ. ಫಸ್ಟ್ ಆಫೀಸರ್ ಹೊರಟದ್ದು ಸಿಯಾಟಲ್‌ನಿಂದ, ರಾತ್ರಿಯಿಡೀ ಸರಕು ವಿಮಾನದಲ್ಲಿ ಮೆಂಫಿಸ್ ಮೂಲಕ. ಇಬ್ಬರ ಕೆಲಸದ ಮೇಲೂ ಆಯಾಸದ ಪ್ರಭಾವ ಇದ್ದಿರಬಹುದು, ಎಷ್ಟು ಅಂತ ಖಚಿತವಾಗಿ ಹೇಳಲಾಗದು ಅಂತ ತನಿಖೆ ಬರೆಯಿತು. ಆಮೇಲೆ ಅಮೆರಿಕದಲ್ಲಿ ಡ್ಯೂಟಿ, ವಿಶ್ರಾಂತಿಯ ಹೊಸ ನಿಯಮ ಬಂತು, 2014ರ ಜನವರಿಯಿಂದ ಜಾರಿಯಾಯಿತು. ಮನೆಯಿಂದ ಬೇಸಿಗೆ ಎಷ್ಟು ದೂರ ಇರಬಹುದು ಅಂತ ಮಾತ್ರ ಅದು ಗೆರೆ ಎಳೆಯಲಿಲ್ಲ. ಆಯಾಸವಿಲ್ಲದೆ ಡ್ಯೂಟಿಗೆ ಬರುವುದು ಪೈಲಟ್‌ನ ಜವಾಬ್ದಾರಿ ಅಂತ ಬಿಟ್ಟಿತು. ಯುರೋಪಿನ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯಿಂದ ಬೇಸಿಗೆ ಸಾಮಾನ್ಯವಾಗಿ 90 ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದಾದರೆ ಹತ್ತಿರದಲ್ಲಿ ತಾತ್ಕಾಲಿಕ ವಸತಿ ನೋಡಿಕೊಳ್ಳುವ ಬಗ್ಗೆ ಯೋಚಿಸಿ ಅನ್ನುತ್ತದೆ. ನಿನ್ನ ದಾರಿ ಅದರ ನಾಲ್ಕು ಪಟ್ಟು.

ಎಲ್ಲರೂ ಡ್ಯೂಟಿಗೆ ಮುಂಚಿನ ಆಯಾಸದ ಬಗ್ಗೆ ಮಾತಾಡುತ್ತಾರೆ. ನನಗೆ ಜಾಸ್ತಿ ಭಯ ಡ್ಯೂಟಿ ಮುಗಿದ ಮೇಲಿನದು. 17 ಗಂಟೆ ಎಚ್ಚರ ಇದ್ದವನ ಕೈ ಕಣ್ಣು ರಕ್ತದಲ್ಲಿ ಶೇ 0.05 ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಇರುವ ಮಿತಿ ಶೇ 0.03. ಹಾರುವ 12 ಗಂಟೆ ಮುಂಚೆ ಒಂದು ಗುಟುಕೂ ಮುಟ್ಟದ ನಾವು, ರಾತ್ರಿಯಿಡೀ ಹಾರಿ ಬೆಳಿಗ್ಗೆ ಏಳಕ್ಕೆ ಮನೆಗೆ ಹೋಗುವ ಆಸೆಗೆ ಸ್ಟೀರಿಂಗ್ ಹಿಡಿಯುತ್ತೇವೆ. ಹೊರಟ ಹುರುಪಿಗೆ ಮಂಡ್ಯದ ತನಕ ಏನೂ ಗೊತ್ತಾಗುವುದಿಲ್ಲ. ಎಕ್ಸ್‌ಪ್ರೆಸ್‌ವೇಯ ನೇರ ರಸ್ತೆಯಲ್ಲಿ ಎಚ್ಚರ ಉಳಿಸಲು ಒಂದು ತಿರುವೂ ಇಲ್ಲ.

ಅದಕ್ಕೆ ನಿನ್ನಿಂದ ಕೆಲವು ಮಾತು ತೆಗೆದುಕೊಳ್ಳಬೇಕು. ಡ್ಯೂಟಿ ಮುಗಿದ ದಿನ ನೀನು ಗಾಡಿ ಓಡಿಸಬಾರದು. ರೂಮಿಗೆ ಹೋಗಿ ಮಲಗು, ಎದ್ದು ಊಟ ಮಾಡಿ ಹೊರಡು. ಆತುರ ಇದ್ದರೆ ಮೈಸೂರಿಗೆ ಫ್ಲೈಬಸ್ ಹತ್ತು, ಅಲ್ಲಿಂದ ಟ್ಯಾಕ್ಸಿ ಮಾಡಿಕೋ. ಡ್ಯೂಟಿಯ ಹಿಂದಿನ ರಾತ್ರಿ, ಏನೇ ಇರಲಿ, ನೀನು ಏರ್‌ಪೋರ್ಟ್ ಹತ್ತಿರವೇ ಮಲಗಿರಬೇಕು. ಮಳೆಗಾಲದಲ್ಲಿ ಇನ್ನೂ ಅರ್ಧ ದಿನ ಮುಂಚೆ ಹೊರಡು. 2018ರ ಆಗಸ್ಟ್ ನೋಡಿದವರು ನಾವು, ಗುಡ್ಡ ಜಾರಿದರೆ ರಸ್ತೆ ಯಾವತ್ತು ತೆರೆಯುತ್ತದೆ ಅಂತ ಯಾರೂ ಹೇಳಲಾರರು. ಕರೆ ಬಂದರೆ ಹೊರಡಲು ತಯಾರಿರಬೇಕಾದ ಸ್ಟ್ಯಾಂಡ್‌ಬೈ ದಿನಗಳಲ್ಲಂತೂ ಅಮ್ಮತ್ತಿಯ ಮಾತೇ ಬೇಡ. ಹೊಸ ಬೇಸಿನಲ್ಲಿ ನೀನು ಜೂನಿಯರ್ ಅಂದರೆ ಸ್ಟ್ಯಾಂಡ್‌ಬೈ ಜಾಸ್ತಿಯೇ ಬೀಳುತ್ತದೆ. ಪ್ರತಿ ವಾರ ಓಡಿ ಹೋಗಬೇಡ. ವಾರದ ವಿಶ್ರಾಂತಿಗೆ ಒಂದೆರಡು ದಿನ ರಜೆ ಸೇರಿಸಿ ತಿಂಗಳಿಗೆ ಎರಡು ಸಲ ಹೋಗು, ನಾಲ್ಕು ದಿನ ಮನೆಯವನಾಗಿ ಇರು. ಸುಗ್ಗಿಯ ಹುತ್ತರಿ ಹಬ್ಬಕ್ಕೆ ಬೇಕಾದ ರಜೆಯನ್ನು ಈಗಲೇ ಹಾಕು. ಕೊಡವ ಕುಟುಂಬಗಳ ಹಾಕಿ ಆಟದ ಹಬ್ಬಕ್ಕೆ ಅಂತ ಏಪ್ರಿಲ್, ಮೇನಲ್ಲಿ ರಜೆ ಕೇಳಿದರೆ ಕಷ್ಟ. ಸ್ಕೂಲಿಗೆ ರಜೆ ಬಿಟ್ಟು ವಿಮಾನಗಳೆಲ್ಲ ತುಂಬಿರುವ ಕಾಲ ಅದು. ಆ ದಿನಗಳಲ್ಲಿ ಅವರೇ ಬೆಂಗಳೂರಿಗೆ ಬರಲಿ.

ಕಣ್ಣೂರಿನ ಬಗ್ಗೆಯೂ ಕೇಳಿದ್ದೆ. ಮಟ್ಟನೂರಿನ ಆ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆದಾಗ ನಮ್ಮ ವಿರಾಜಪೇಟೆ ಕಡೆಯವರಿಗೆಲ್ಲ ಆಸೆ ಹುಟ್ಟಿತ್ತು. ಮಾಕುಟ್ಟ ಘಾಟಿ ಇಳಿದರೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೆ ಸ್ಟಾಫ್ ಟಿಕೆಟ್ ಅಂದರೆ ಸೀಟು ಖಾಲಿ ಉಳಿದರೆ ಮಾತ್ರ. ಸಣ್ಣ ವಿಮಾನ ತುಂಬಿಬಿಟ್ಟರೆ ಘಾಟಿ ಹತ್ತಿ ವಾಪಸ್ ಬರುವ ಹೊತ್ತಿಗೆ ಡ್ಯೂಟಿ ತಪ್ಪಿರುತ್ತದೆ. ಮನೆಗೆ ಬರುವಾಗ ಅದನ್ನು ಉಪಯೋಗಿಸು, ಡ್ಯೂಟಿಗೆ ಹೋಗುವಾಗ ನಂಬಬೇಡ.

ಮಕ್ಕಳು ಕೇಳುತ್ತಾರೆ, ಅಪ್ಪ ಯಾಕೆ ಇಲ್ಲಿಲ್ಲ ಅಂತ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನನ್ನ ಮಗಳೂ ಕೇಳುತ್ತಾಳೆ, ಯಲಹಂಕದಲ್ಲಿ ಇದ್ದುಕೊಂಡೇ. ಡ್ಯೂಟಿಯ ಪಟ್ಟಿ, ರೋಸ್ಟರ್, ಬಂದ ದಿನವೇ ಅದನ್ನು ಮಕ್ಕಳಿಗೆ ತೋರಿಸು. ನೀನು ಬರುವ ದಿನಗಳಿಗೆ ಅವರ ಕೈಯಲ್ಲೇ ಕ್ಯಾಲೆಂಡರ್‌ನಲ್ಲಿ ಬಣ್ಣ ಹಾಕಿಸು. ಆ ದಿನ ತಪ್ಪಿಸಬೇಡ. ನಿನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಪಿಯುಸಿಗೆ ಹೇಗೂ ಮೈಸೂರೋ ಮಂಗಳೂರೋ ಅಂತ ಹೊರಡುತ್ತಾಳೆ, ನಮ್ಮೂರಿನ ಮಕ್ಕಳೆಲ್ಲ ಹೊರಟ ಹಾಗೆ. ಆಗ ಬೇರೆ ಲೆಕ್ಕ ಹಾಕಬಹುದು. ಅದಕ್ಕೂ ಮುಂಚೆ ನಿನ್ನ ಮೈ ಈ ಓಡಾಟ ತಡೆಯುವುದಿಲ್ಲ ಅನ್ನಿಸಿದರೂ ಹಾಕು. ಆದರೆ ಒಬ್ಬನೇ ಕೂತು ಹಾಕಬೇಡ.

ಏರ್‌ಪೋರ್ಟ್ ಹತ್ತಿರದ ಸಾದಹಳ್ಳಿಯಲ್ಲಿ ಮೊದಲು ನಾನಿದ್ದ ರೂಮು ಇನ್ನೂ ನಮ್ಮವರ ಕೈಯಲ್ಲೇ ಇದೆ. ಮೂವರು ಹಂಚಿಕೊಂಡಿದ್ದಾರೆ, ಮೂವರೂ ಪೈಲಟ್‌ಗಳು, ಹಗಲು ಮಲಗುವವನ ಕಷ್ಟ ಬಲ್ಲವರು. ಒಬ್ಬ ಈ ತಿಂಗಳ ಕೊನೆಗೆ ಕೋಲ್ಕತ್ತಕ್ಕೆ ಹೊರಟಿದ್ದಾನೆ, ಮಂಚ ಖಾಲಿಯಾಗುತ್ತದೆ. ಕಂಪನಿ ಕ್ಯಾಬ್ ಬಾಗಿಲಿಗೇ ಬರುತ್ತದೆ. ಇದಕ್ಕೆ ಕೊಡುವ ಬಾಡಿಗೆಯನ್ನು ದಂಡ ಅಂತ ತಿಳಿಯಬೇಡ, ಯೂನಿಫಾರ್ಮ್ ಎಷ್ಟು ಮುಖ್ಯವೋ ಈ ರೂಮೂ ಅಷ್ಟೇ. ನಿನಗೆ ಅಂತ ಹಿಡಿದಿಡಲು ಹೇಳಿದ್ದೇನೆ. ತಂಗಿಯ ಹತ್ತಿರ ಮಾತಾಡಿ 25ನೇ ತಾರೀಖಿನ ಒಳಗೆ ಫೋನ್ ಮಾಡು. ಅವ್ವನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ,
ಯಲಹಂಕದಿಂದ