ನರ್ಸಿಂಗ್ ಅರ್ಜಿಗೆ ಮೊದಲು ಡೊಮಿಸೈಲ್ ಮಾಡಿಸಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗಳು ಕಳೆದ ವರ್ಷ ಬಿ.ಎಸ್ಸಿ. ನರ್ಸಿಂಗ್ ಸಿಇಟಿ ಚೆನ್ನಾಗಿಯೇ ಬರೆದಿದ್ದಳು. ಆದರೆ ಡೊಮಿಸೈಲ್ ಪ್ರಮಾಣಪತ್ರ, ಅಂದರೆ ಈ ರಾಜ್ಯದ ನಿವಾಸಿ ಎಂಬ ದಾಖಲೆ, ಕೈಗೆ ಬರುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಒಂದು ವರ್ಷ ಸುಮ್ನೆ ಹೋಯಿತು. ಅವಳ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಈ ತೊಂದರೆ ಜಾಸ್ತಿ. ರೇಷನ್ ಕಾರ್ಡ್ ಇಲ್ಲಿಯದು, ಹಳೆಯ ದಾಖಲೆಗಳೆಲ್ಲ ಊರಿನವು. ರಾಜ್ಯದ ಕೋಟಾದ ಸೀಟಿಗೆ ಡೊಮಿಸೈಲ್ ಬೇಕು. ಅದಕ್ಕೆ ಸಾಮಾನ್ಯವಾಗಿ ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದುದಕ್ಕೆ ದಾಖಲೆ ಕೊಡಬೇಕು. ಕರ್ನಾಟಕದ ಜಾತಿ ಪ್ರಮಾಣಪತ್ರ ತೋರಿಸಿದರೆ ಇಲ್ಲಿ ಮೀಸಲಾತಿ ಸಿಗುವುದಿಲ್ಲ. ಎಷ್ಟೋ ತಂದೆ ತಾಯಿಗೆ ಇದು ತಡವಾಗಿ ಗೊತ್ತಾಗುತ್ತದೆ, ಅಲ್ವಾ?

ಹನ್ನೆರಡನೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆಗೆ ಇಂಗ್ಲಿಷ್ ಇರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಇವು ಮಕ್ಕಳಿಗೆ ಗೊತ್ತಿರುತ್ತವೆ. ಅವರು ಎಡವುವುದು ಕಾಗದಪತ್ರಗಳಲ್ಲಿ.

ನಮ್ಮ ಕನ್ನಡ ಸಂಘಗಳಲ್ಲಿ ಒಂದು ಮನವಿ. ಜನವರಿಯ ಒಂದು ಭಾನುವಾರ ಹನ್ನೆರಡನೆಯ ಮಕ್ಕಳನ್ನು, ಅವರ ಹೆತ್ತವರನ್ನು ಕರೆಯಿರಿ. ಕಾಗದಗಳನ್ನು ಒಮ್ಮೆ ನೋಡಿಕೊಡಿ. ಮರಾಠಿ ಅರ್ಜಿ ತುಂಬಲು ಕೈ ಜೋಡಿಸಿ. ನಾನೂ ಬಂದು ಕೂರುತ್ತೇನೆ.

– ಓದುಗರೊಬ್ಬರು, ಡೊಂಬಿವಿಲಿ