ಬಹಿರಂಗ ಪತ್ರ: ನಮಗೂ ಮುಟ್ಟಿ ನೋಡೋಕೆ ಬಿಡಿ

ಚಿತ್ರದುರ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್. ನಮ್ಮ ಊರಿಗೆ ದೊಡ್ಡವರೂ ಮುಟ್ಟಿ ನೋಡುವಂಥ ಒಂದು ವಿಜ್ಞಾನ ಕೇಂದ್ರ ಬೇಕು ಅಂತ ಕೇಳೋಕೆ ಈ ಪತ್ರ.

ನಾನು ಚಳ್ಳಕೆರೆಯವನು. ಬೋರ್‌ವೆಲ್ ಮೋಟಾರ್ ವೈಂಡಿಂಗ್, ಅಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು, ನನ್ನ ಕೆಲಸ. 26 ವರ್ಷ ಆಯಿತು. ನಮ್ಮ ಕಡೆ ಮಳೆ ಕಡಿಮೆ, ಬೋರು ಜಾಸ್ತಿ. ಕಾಯಿಲ್ ಸುಟ್ಟಿತು ಅಂದರೆ ರೈತರು ರಾತ್ರಿ ಹತ್ತು ಗಂಟೆಗೂ ಮೋಟಾರ್ ಹೊತ್ತು ತರುತ್ತಾರೆ. ನಾನು ಓದಿದ್ದು ಎಂಟನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಅಂಗಡಿಗೆ ಸೇರಿದೆ.

ಕೆಲಸಕ್ಕೆ ಸೇರಿದ ದಿನದಿಂದ ನನಗೆ ಒಂದು ಪ್ರಶ್ನೆ ಇತ್ತು. ಮೋಟಾರಿನಲ್ಲಿ ಕರೆಂಟ್ ಕೊಡುವುದು ಹೊರಗೆ ಅಲುಗಾಡದೆ ನಿಂತಿರುವ ಸ್ಟೇಟರ್‌ಗೆ. ಒಳಗೆ ತಿರುಗುವ ಭಾಗವಾದ ರೋಟರ್‌ಗೆ ಒಂದು ವೈರೂ ಹೋಗುವುದಿಲ್ಲ. ಆದರೂ ಅದು ತಿರುಗುತ್ತದೆ. ಹೇಗೆ? ಮೇಸ್ತ್ರಿಯನ್ನು ಕೇಳಿದರೆ, "ತಿರುಗುತ್ತೆ ಕಣೋ, ಸುತ್ತು ಸರಿಯಾಗಿ ಹಾಕು" ಅಂದಿದ್ದರು.

ಹೋದ ವರ್ಷ ಮದುವೆಗೆಂದು ದೂರದ ಊರಿಗೆ ಹೋಗಿದ್ದೆ. ಅಲ್ಲೊಂದು ವಿಜ್ಞಾನ ಕೇಂದ್ರ. ಹೆಸರು ಬೇಡ. ಟಿಕೆಟ್ ಕೊಡುವವರು ಮೊದಲು ಕೇಳಿದ್ದೇ "ಮಕ್ಕಳೆಲ್ಲಿ?" ಅಂತ. ಒಳಗೆ ಒಂದು ತಾಮ್ರದ ಪೈಪು ನಿಲ್ಲಿಸಿದ್ದರು. ಪಕ್ಕದಲ್ಲಿ ಒಂದು ಅಯಸ್ಕಾಂತ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಅದು ನನಗೆ ಕೈಯಲ್ಲೇ ಗೊತ್ತು. ಆದರೆ ಆ ಪೈಪಿನೊಳಗೆ ಬಿಟ್ಟರೆ ಅದು ದಪ್ ಅಂತ ಬೀಳಲಿಲ್ಲ. ಯಾರೋ ಹಿಡಿದು ಇಳಿಸಿದ ಹಾಗೆ ನಿಧಾನಕ್ಕೆ ಬಂತು. ಪಕ್ಕದಲ್ಲಿದ್ದ ಒಬ್ಬ ಹುಡುಗಿ ಬೋರ್ಡು ಓದಿ ಹೇಳಿದಳು. ಅಯಸ್ಕಾಂತ ಚಲಿಸಿದಾಗ ಪೈಪಿನಲ್ಲೇ ಕರೆಂಟ್ ಹುಟ್ಟುತ್ತದಂತೆ. ಆ ಕರೆಂಟು ತಾನೇ ಒಂದು ಅಯಸ್ಕಾಂತದಂತಾಗಿ ಬೀಳುವುದನ್ನು ತಡೆಯುತ್ತದಂತೆ.

ನಿಂತಲ್ಲೇ ನನಗೆ ರೋಟರ್ ಕಣ್ಣಿಗೆ ಕಟ್ಟಿತು. ಸ್ಟೇಟರ್‌ನ ಕಾಂತಶಕ್ತಿ ಸುತ್ತುತ್ತದೆ, ರೋಟರ್‌ನ ಸರಳುಗಳಲ್ಲಿ ವೈರೇ ಇಲ್ಲದೆ ಕರೆಂಟ್ ಹುಟ್ಟುತ್ತದೆ, ಆ ಕರೆಂಟಿನಿಂದ ರೋಟರ್ ಸುತ್ತುವ ಕಾಂತಶಕ್ತಿಯ ಹಿಂದೆಯೇ ತಿರುಗುತ್ತಾ ಹೋಗುತ್ತದೆ. ಕಣ್ಣಲ್ಲಿ ನೀರು ಬಂತು ಸರ್. ಇನ್ನೊಂದು ಸಲ ಬಿಡಬೇಕು ಅನ್ನಿಸಿತು. ಸುಮ್ನೆ ಕಬ್ಬಿಣದ ತುಂಡು ಬಿಟ್ಟರೆ ಹೇಗೆ ಬೀಳುತ್ತೆ? ಉದ್ದಕ್ಕೆ ಸೀಳಿದ ಪೈಪಾದರೆ?

ಕೈ ಚಾಚಿದೆ. ಕಾವಲಿನವರು ಬಂದು ಅಯಸ್ಕಾಂತ ಕಿತ್ತುಕೊಂಡರು. "ಇದು ಮಕ್ಕಳಿಗೆ ಇಟ್ಟಿರೋದು. ದೊಡ್ಡವರು ನೋಡಿ ಮುಂದೆ ಹೋಗಿ." ಶಾಲೆ ಮಕ್ಕಳು ನಕ್ಕರು. ನನ್ನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ನಾವು ಹೊರಗೆ ಬಂದೆವು. ಆವತ್ತಿನ ಆ ನಗು ಇವತ್ತಿಗೂ ಕಿವಿಯಲ್ಲಿದೆ.

ಈ ವಿದ್ಯೆಯನ್ನು 1831ರಲ್ಲಿ ಕಂಡುಹಿಡಿದ ಮೈಕೆಲ್ ಫ್ಯಾರಡೆ ಚಿಕ್ಕಂದಿನಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಮಾಡುವ ಕಡೆ ಕೆಲಸ ಕಲಿತವರು. ಕಂಡುಹಿಡಿದಾಗ ಅವರಿಗೆ 39 ವರ್ಷ. ಅವರ ಕೈಯಿಂದಲೂ ಯಾರಾದರೂ ಅಯಸ್ಕಾಂತ ಕಿತ್ತುಕೊಂಡಿದ್ದರೆ ನಾನು ಇವತ್ತು ಯಾವ ಮೋಟಾರ್ ಸುತ್ತುತ್ತಿದ್ದೆ?

ವಾಪಸ್ ಬಂದು ಒಂದು ಕಚೇರಿಗೆ ಅರ್ಜಿ ಕೊಟ್ಟೆ. ನಮ್ಮ ಊರಿನಲ್ಲಿ ದೊಡ್ಡವರೂ ಮುಟ್ಟಿ ನೋಡುವಂಥ ಒಂದು ವಿಜ್ಞಾನ ಕೇಂದ್ರ ಕೊಡಿ ಅಂತ. "ಮಕ್ಕಳ ವಿಷಯ ಅಲ್ವಾ, ಶಾಲೆಯಿಂದ ಬರೆಸಿ" ಅಂದರು. ಮೂರು ಸಲ ಹೋದೆ. ಮೂರು ದಿನದ ಕೂಲಿ ಹೋಯಿತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಸಂವಿಧಾನದ 51ಎ ವಿಧಿ ನಿಮಗೆ ಗೊತ್ತೇ ಇದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಅಂತ ಅದರಲ್ಲಿದೆ. ಹತ್ತನೇ ಕ್ಲಾಸಿನವರೆಗೆ ಮಾತ್ರ ಅಂತ ಎಲ್ಲೂ ಇಲ್ಲ.

ನಮ್ಮ ತಾಲ್ಲೂಕಿಗೆ ವಿಜ್ಞಾನ ನಗರಿ ಅಂತ ಹೆಸರು ಬಂದಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ ಇದೆ. ನಮ್ಮ ದನ ಮೇಯುತ್ತಿದ್ದ ಅಮೃತ್ ಮಹಲ್ ಕಾವಲು ಅನ್ನುವ ಹುಲ್ಲುಗಾವಲು ಅದು. 2023ರ ಏಪ್ರಿಲ್ 2ರಂದು ಇಸ್ರೋದವರು ಇಲ್ಲೇ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಒಂದು ಪ್ರಯೋಗದ ಬಾಹ್ಯಾಕಾಶ ವಾಹನ ಬಿಟ್ಟರು. ಅದು ತಾನಾಗೇ ರನ್‌ವೇಗೆ ಬಂದಿಳಿಯಿತು. ನಮಗೆ ಹೆಮ್ಮೆಯೇ. ಆದರೆ ನಾವು ನೋಡಿದ್ದು ಬೇಲಿ ಮಾತ್ರ. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ಧಾರವಾಡದಲ್ಲಿದೆ, ಮಂಗಳೂರಿನ ಪಿಲಿಕುಳದಲ್ಲಿದೆ. ಭೂಮಿ ಕೊಟ್ಟ ಚಳ್ಳಕೆರೆಗೆ ಒಂದು ದೊಡ್ಡ ಕೋಣೆ ಜಾಸ್ತಿಯಾಗುತ್ತದೆಯೇ?

ಕೋಣೆ ಕೊಡಿ ಸರ್. ಭಾನುವಾರ ತೆರೆದಿರಲಿ. ಸಂಜೆ ಎಂಟರವರೆಗೆ ಇರಲಿ, ಎಣ್ಣೆ ಮಿಲ್ಲಿನವರು, ಗ್ಯಾರೇಜಿನವರು, ಹೊಲದಿಂದ ಬಂದವರು ಕೈ ತೊಳೆದುಕೊಂಡು ಬರುವಂತಾಗಲಿ. ಬಾಗಿಲಲ್ಲಿ ಯಾರೂ ಮಕ್ಕಳೆಲ್ಲಿ ಅಂತ ಕೇಳಬಾರದು. ದೊಡ್ಡವರಿಗೂ ಮುಟ್ಟಿ ನೋಡೋಕೆ ಬಿಡಬೇಕು. ನಾನು ಕೇಳುತ್ತಿರುವುದು ಇಷ್ಟೇ, ಮತ್ತೆ ಮತ್ತೆ ಕೇಳುತ್ತೇನೆ.

ನನ್ನ ಅಂಗಡಿಯಲ್ಲಿ ಎರಡು ಗುಜರಿ ಮೋಟಾರ್ ಇವೆ. ಒಂದನ್ನು ಉದ್ದಕ್ಕೆ ಕತ್ತರಿಸಿ, ಸ್ಟೇಟರ್, ರೋಟರ್ ಎರಡೂ ಕಾಣುವಂತೆ ಮಾಡಿ ಇಟ್ಟಿದ್ದೇನೆ. ಆ ಕೋಣೆಗೆ ಅದನ್ನು ಪುಕ್ಕಟೆ ಕೊಡುತ್ತೇನೆ. ಯಾವತ್ತು ತರಲಿ ಹೇಳಿ.

ಇಂತಿ,
ಚಳ್ಳಕೆರೆಯ ಒಬ್ಬ ವೈಂಡಿಂಗ್ ಕೆಲಸಗಾರ