ನೆಲದಡಿಯ ಪೆಟ್ರೋಲ್ ಸೋರಿಕೆ: ಅರೆಬರೆ ಶುದ್ಧೀಕರಣದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮಣ್ಣು ಮತ್ತು ಅಂತರ್ಜಲ ಶುದ್ಧೀಕರಣ ವಿಭಾಗ

ವಿಷಯ: ಕೆಲಸ ಮುಗಿದಿದೆ ಎಂದು ನೀವು ಕೊಟ್ಟಿರುವ ಪತ್ರವನ್ನು ಹಿಂಪಡೆಯುವ ಬಗ್ಗೆ

ಮಾನ್ಯರೆ,

ನಮ್ಮ ಮನೆಗೆ ಹೊಂದಿಕೊಂಡಿರುವ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕ್ ತುಕ್ಕು ಹಿಡಿದು ಸೋರಿತ್ತು. ಮಣ್ಣಿಗೂ ಅಂತರ್ಜಲಕ್ಕೂ ಇಳಿದ ಪೆಟ್ರೋಲನ್ನು ತೆಗೆಯುವ ಕೆಲಸವನ್ನು ನಿಮ್ಮ ಸಂಸ್ಥೆ ವಹಿಸಿಕೊಂಡಿತ್ತು. ಈಗ ಕೆಟ್ಟ ನೀರನ್ನು ಮೇಲೆತ್ತುವ ಪಂಪುಗಳನ್ನು ನಿಲ್ಲಿಸಿ, ಯಂತ್ರಗಳನ್ನು ಸಾಗಿಸಿ, ಬಾವಿಯ ನೀರನ್ನು ಎಂದಿನಂತೆ ಬಳಸಬಹುದು ಎಂದು ಬರೆದುಕೊಟ್ಟಿದ್ದೀರಿ. ನಿಮ್ಮ ವರದಿಯನ್ನು ಪೂರ್ತಿ ಓದಿದ ಮೇಲೆ ಆ ಮಾತನ್ನು ನಂಬಲು ನನ್ನಿಂದ ಆಗುತ್ತಿಲ್ಲ.

ನೀರಿನ ಮಾದರಿ ತೆಗೆದದ್ದು ಒಂದೇ ಸಲ. ಅದೂ ಪಂಪು ನಿಲ್ಲಿಸಿದ ಬೆನ್ನಲ್ಲೇ, ಮಳೆ ಇಂಗಿ ಅಂತರ್ಜಲ ಮೇಲೇರಿದ್ದಾಗ. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ಪದರವಾಗಿ ತೇಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ತಾನೂ ಇಳಿದು ಮಣ್ಣಿನ ಕಣಗಳ ನಡುವೆ ಅಂಟಿಕೊಳ್ಳುತ್ತದೆ. ನೀರು ಮತ್ತೆ ಏರಿದಾಗ ಆ ಅಂಟಿದ್ದು ನೀರಿನಡಿಯಲ್ಲೇ ಸಿಕ್ಕಿಬೀಳುತ್ತದೆ, ಬಾವಿಯ ಮೇಲೆ ಪದರವೇ ಕಾಣುವುದಿಲ್ಲ. ನೀವು ಅಳೆದದ್ದು ಅಂಥ ಹೊತ್ತಿನಲ್ಲಿ. ಜೊತೆಗೆ, ಪಂಪು ಎಳೆಯುವುದು ಮರಳಿನ ಸಲೀಸು ದಾರಿಯ ನೀರನ್ನು. ಜೇಡಿಮಣ್ಣಿನ ಒಳಗೆ ಹೊಕ್ಕ ಬೆಂಜೀನ್, ಟಾಲುಯೀನ್‌ನಂಥ ಪೆಟ್ರೋಲಿನ ವಿಷಕಾರಿ ಅಂಶಗಳು ನಿಧಾನವಾಗಿ ಹೊರಬರುತ್ತವೆ. ಪಂಪು ನಿಂತ ಕೆಲವು ತಿಂಗಳಲ್ಲಿ ನೀರಿನಲ್ಲಿ ಅವುಗಳ ಮಟ್ಟ ಮತ್ತೆ ಏರುವುದನ್ನು ನಿಮ್ಮ ಕ್ಷೇತ್ರದವರೇ 'ರೀಬೌಂಡ್' ಎನ್ನುತ್ತಾರೆ. ಅದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಕಾಯದೆ ಹೊರಟಿದ್ದೀರಿ ಎಂಬುದೇ ನನ್ನ ಮುಖ್ಯ ದೂರು.

ಮಣ್ಣಿನ ವಿಷಯದಲ್ಲೂ ಹೀಗೇ ಆಗಿದೆ. ಮಾದರಿಗಳೆಲ್ಲ ಟ್ಯಾಂಕ್ ಇದ್ದ ಗುಂಡಿಯವು. ಟ್ಯಾಂಕಿನಿಂದ ಪೆಟ್ರೋಲ್ ತುಂಬುವ ಯಂತ್ರದವರೆಗೆ ಹೋಗುವ ಪೈಪಿನ ಉದ್ದಕ್ಕೂ ಒಂದು ಕಡೆಯೂ ಅಗೆದಿಲ್ಲ. ಪೈಪಿನ ಜೋಡಣೆಗಳೂ ಸೋರುವ ಜಾಗಗಳೇ ಅಲ್ಲವೇ?

ವಾಸನೆ ಬರುತ್ತಿಲ್ಲವಲ್ಲ, ಇನ್ನೇನು ಭಯ ಎಂದು ನಿಮ್ಮ ಸಿಬ್ಬಂದಿ ಕೇಳಿದರು. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ದೃಢಪಟ್ಟಿರುವ ವಸ್ತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಾಲಿಗೆಗೋ ಮೂಗಿಗೋ ಗೊತ್ತಾಗಬೇಕಾದರೆ ಅದು ಈ ಮಿತಿಯ ಹತ್ತಾರು ಪಟ್ಟು ಇರಬೇಕು. ಮೂಗನ್ನು ನಂಬಿ ಮಕ್ಕಳಿಗೆ ನೀರು ಕೊಡಲು ಹೇಗೆ ಸಾಧ್ಯ? ಕುದಿಸಿ ಕುಡಿಯಿರಿ ಎಂಬ ಸಲಹೆಯೂ ತಪ್ಪು. ಕುದಿಸಿದಾಗ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅದನ್ನು ಉಸಿರಾಡುವವರು ನಾವೇ. ಇಂಥ ಸಲಹೆ ಕೊಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ.

ಉಳಿದದ್ದನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ ಎಂದು ವರದಿಯ ಕೊನೆಯಲ್ಲಿದೆ. ಅವು ತಿನ್ನುವುದು ನಿಜ. ಆದರೆ ತಿನ್ನುತ್ತಿವೆ ಎನ್ನಲು ಗುರುತು ಬೇಕು: ಸೋರಿದ ಜಾಗದ ನೀರಿನಲ್ಲಿ ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಕಡಿಮೆಯಾಗಿರಬೇಕು, ಕರಗಿದ ಕಬ್ಬಿಣ, ಮೀಥೇನ್ ಹೆಚ್ಚಿರಬೇಕು. ಇವುಗಳಲ್ಲಿ ಒಂದರ ಅಂಕಿಯೂ ವರದಿಯಲ್ಲಿಲ್ಲ. ಅಳೆಯದೆ ಪ್ರಕೃತಿಗೆ ಬಿಟ್ಟುಕೊಟ್ಟರೆ ಅದು ಶುದ್ಧೀಕರಣವಲ್ಲ, ಕೈತೊಳೆದುಕೊಳ್ಳುವುದು. ಕೆಲವು ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ರಾಸಾಯನಿಕದ ಹೆಸರೂ ಎಲ್ಲಿಯೂ ಬಂದಿಲ್ಲ. ಅದು ನೀರಿನಲ್ಲಿ ಸುಲಭವಾಗಿ ಕರಗಿ ಬೆಂಜೀನಿಗಿಂತ ಮುಂದೆ ಓಡುತ್ತದೆ, ಬೇಗ ಕೊಳೆಯುವುದೂ ಇಲ್ಲ. ಈ ಬಂಕಿನ ಪೆಟ್ರೋಲಿನಲ್ಲಿ ಅದು ಇತ್ತೇ ಇಲ್ಲವೇ ಎಂಬುದನ್ನಾದರೂ ತಿಳಿಸಬೇಕಿತ್ತು.

ಆದ್ದರಿಂದ ಆ ಪತ್ರವನ್ನು ಹಿಂಪಡೆಯಿರಿ. ಅಂತರ್ಜಲ ಏರಿದಾಗಲೂ ಇಳಿದಾಗಲೂ, ಕನಿಷ್ಠ ಒಂದು ವರ್ಷ, ಮೂರು ತಿಂಗಳಿಗೊಮ್ಮೆ ಎಲ್ಲ ತಪಾಸಣೆ ಬಾವಿಗಳ ನೀರನ್ನು ಪರೀಕ್ಷಿಸಿ. ಸೋರಿಕೆ ಹರಿದ ದಿಕ್ಕಿನಲ್ಲಿ, ನಮ್ಮ ಮನೆಯ ಕಡೆಗೆ, ಒಂದೂ ತಪಾಸಣೆ ಬಾವಿಯಿಲ್ಲ. ಮೊದಲು ಅಲ್ಲಿ ತೋಡಿ. ಪೈಪಿನ ಜಾಡಿನ ಮಣ್ಣನ್ನೂ ಮನೆಯ ಅಡಿಪಾಯದ ಕೆಳಗಿನ ಆವಿಯನ್ನೂ ಅಳೆಯಿರಿ. ಪೆಟ್ರೋಲ್ ಆವಿ ಬಿರುಕುಗಳ ಮೂಲಕ ಒಳಗೆ ನುಸುಳಬಲ್ಲದು ಎಂಬ ಚಿಂತೆ ನಮ್ಮನ್ನು ಕಾಡುತ್ತಿದೆ. ಪ್ರಯೋಗಾಲಯದ ಮೂಲ ವರದಿಗಳ ಪ್ರತಿ ನಮಗೂ ಬೇಕು, ನಿಮ್ಮ ಸಾರಾಂಶ ಸಾಲದು.

ಮಾಲಿನ್ಯದ ಮಟ್ಟ ಮೇಲೇರಿದ್ದು ಕಂಡರೆ ಯಂತ್ರಗಳನ್ನು ಮರಳಿ ತಂದು ಕೆಲಸ ಮುಂದುವರಿಸುವುದಾಗಿ ಬರೆದುಕೊಡಿ. ಫಲಿತಾಂಶ ಬರುವವರೆಗೆ ಸುತ್ತಲಿನ ಎಲ್ಲ ಮನೆಗಳಿಗೂ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇರೆ ನೀರು ಒದಗಿಸುವುದು ನಿಮ್ಮ ಹೊಣೆ. ಫೋನಿನಲ್ಲಿ ಸಿಕ್ಕ ಭರವಸೆಗಳು ಯಾವುದಕ್ಕೂ ದಾಖಲೆಯಾಗಿಲ್ಲ, ಹಾಗಾಗಿ ಉತ್ತರವನ್ನು ಹದಿನೈದು ದಿನಗಳೊಳಗೆ ಬರಹದಲ್ಲೇ ಕಳುಹಿಸಿ. ಬಾರದಿದ್ದರೆ ಈ ಪತ್ರವನ್ನೂ ನಿಮ್ಮ ವರದಿಯನ್ನೂ ಪರಿಸರ ನಿಯಂತ್ರಣ ಅಧಿಕಾರಿಗಳಿಗೆ ಸಲ್ಲಿಸುತ್ತೇನೆ.

ಇಂತಿ,
ಬಂಕಿನ ಪಕ್ಕದ ಮನೆಯ ನಿವಾಸಿ